ಮುಂದಿನ ಸೀಟಿನ ಮಾತು

ಶಕುಂತಲಮ್ಮ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳಿಟ್ಟು ಒಂದು ಸಣ್ಣ ಒತ್ತು ಕೊಟ್ಟರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ಅರ್ಧ ಕೆಲಸ ಮುಗಿದಿತ್ತು. ಇನ್ನರ್ಧಕ್ಕೆ ಕೈ ಹಾಕುವಷ್ಟರಲ್ಲಿ ಗಂಡ ಗಂಗಣ್ಣ ಕೈಯಲ್ಲೊಂದು ಲಕೋಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಬರೆದ್ಯೇನೇ?"

"ಕೈ ನೋಡಿ, ಒದ್ದೆ."

"ನಿನ್ನೆ ಕೈಯೆಲ್ಲ ಅಕ್ಕಿಹಿಟ್ಟು ಅಂದೆ. ಮೊನ್ನೆ ಕನ್ನಡಕ ಸಿಗ್ತಿಲ್ಲ ಅಂದೆ. ಇವತ್ತು ಒದ್ದೆ."

"ನಾಳೆ ಬರೀತೀನಿ ಬಿಡಿ. ಬಾಳೆಲೆ ಎಲ್ಲಿಗೂ ಓಡಿಹೋಗಲ್ಲ."

ಕಾಗದ ಬಂದದ್ದು ಬಾಳೆಲೆ ಎಂಬ ಊರಿಂದ, ತೋಟದ ಧಣಿ ಬೆಳ್ಯಪ್ಪನವರಿಂದ. ಅವರಿದ್ದದ್ದು ಜಿಲ್ಲೆಯ ಆ ತುದಿಯಲ್ಲಾದರೂ ಅವರ ಒಂದು ಕಾಫಿ ತೋಟ ಈ ತುದಿಯಲ್ಲಿ, ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿತ್ತು. ಇಪ್ಪತ್ತಾರು ವರ್ಷದಿಂದ ಆ ತೋಟದ ಕೊಯ್ಲಿಗೆ ಪೈಸಾರಿಯ, ಅಂದರೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ, ಹೆಂಗಸರನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಮನೆಗೆ ಬಿಡುತ್ತಿದ್ದದ್ದು ಗಂಗಣ್ಣನ ಜೀಪು. ಬೆಳ್ಯಪ್ಪನವರಿಗೆ ಕಿವಿ ಮಂದ. ಫೋನಿನಲ್ಲಿ ಒಂದು ಹೇಳಿದರೆ ಇನ್ನೊಂದು ಕೇಳಿಸಿಕೊಂಡು ರೇಗುತ್ತಿದ್ದರು. ಹಾಗಾಗಿ ಎಲ್ಲ ಮಾತುಕತೆಯೂ ಕಾಗದದಲ್ಲೇ. ಈ ಸಲ ಅವರು ಗರಗಂದೂರಿನ ಮೇಲಿನ ತೋಟವನ್ನೂ ಗುತ್ತಿಗೆಗೆ ಹಿಡಿದಿದ್ದರು. ಅರೇಬಿಕಾ ಕೊಯ್ಲು ಮುಗಿದು ಜನವರಿಯಲ್ಲಿ ರೋಬಸ್ಟಾ ಶುರುವಾದರೆ ಎರಡೂ ತೋಟಕ್ಕೆ ನಿಮ್ಮ ಜೀಪೇ ಆಗುವುದೇ ಎಂದು ಕೇಳಿದ್ದರು. ಗಂಗಣ್ಣನ ಉತ್ತರ ಒಂದೇ ಮಾತು, ಆಗುತ್ತದೆ. ಆದರೆ ಅವನ ಕೈಗೆ ಸ್ಟೇರಿಂಗ್ ಒಗ್ಗಿದಷ್ಟು ಪೆನ್ನು ಒಗ್ಗಿರಲಿಲ್ಲ. ಮಗ ಹುಟ್ಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತ ಶಕುಂತಲಮ್ಮನೇ ಮನೆಯ ಕಾಗದಪತ್ರ ಬರೆಯುವವಳು.

ಆ ಒಂದು ಮಾತು ಬರೆಯಲು ಅವಳಿಗೆ ಹದಿನೆಂಟು ದಿನದಿಂದ ಕೈ ಬರುತ್ತಿರಲಿಲ್ಲ.

ಕಾಗದ ಬಂದ ದಿನವೇ ಒಂದು ಸಣ್ಣ ಸಂಗತಿ ನಡೆದಿತ್ತು. ಜಗಲಿಯ ಕಟ್ಟೆಯ ಮೇಲೆ ಗಂಗಣ್ಣನ ಮೊಣಕೈ ಪಕ್ಕದಲ್ಲೇ ಕಾಫಿ ಲೋಟ ಇತ್ತು. ಬೆಕ್ಕು ಹಾರಿ ಅದಕ್ಕೆ ತಗುಲಿತು. ಲೋಟ ಉರುಳಿದ್ದನ್ನು ಗಂಗಣ್ಣ ನೋಡಿದ. ಬಿದ್ದದ್ದನ್ನೂ ನೋಡಿದ. ಅದು ನೆಲ ಮುಟ್ಟಿ ಠಣ್ ಎಂದ ಮೇಲೆ ಅವನ ಕೈ ಮುಂದಕ್ಕೆ ಹೋಯಿತು. ಅರವತ್ತೆಂಟು ವರ್ಷ. ಒಂದು ಕಾಲದಲ್ಲಿ ಓಡುವ ಕೋಳಿಯನ್ನು ಕೂತಲ್ಲಿಂದಲೇ ಹಿಡಿಯುತ್ತಿದ್ದ ಕೈ ಅದು. ಶಕುಂತಲಮ್ಮ ನೆಲ ಒರೆಸಿದ್ದಳು.

ಅವತ್ತು ಭಾನುವಾರದ ಸಂತೆ, ತೋಟಕ್ಕೆ ರಜೆ. ಮನೆಯವರೆಲ್ಲ ಒಟ್ಟಿಗೆ ಉಣ್ಣುವುದು ಅವತ್ತೊಂದೇ ದಿನ. ಮಗ ಚಿದಾನಂದ ಬಾಡಿಗೆ ಕಾರು ಓಡಿಸುತ್ತಿದ್ದ. ಹೋಂಸ್ಟೇಗೆ ಬರುವವರನ್ನು ಕಣ್ಣೂರು, ಮಂಗಳೂರು ಏರ್‌ಪೋರ್ಟುಗಳಿಂದ ಕರೆತರುವುದು, ಬಿಡುವುದು. ವಿಮಾನಗಳು ಬರುವುದೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಸೇರಿದವನು ಮಧ್ಯಾಹ್ನ ಎದ್ದು, ಕೆಂಪು ಕಣ್ಣಲ್ಲೇ ತಟ್ಟೆಯ ಮುಂದೆ ಕೂತಿದ್ದ. ಸೊಸೆ ಸೌಜನ್ಯ ಮುದ್ದೆ ಬಡಿಸಿದಳು, ಶಕುಂತಲಮ್ಮ ಹಿದುಕಿದ ಬೇಳೆಯ ಸಾರು ಹಾಕಿದಳು.

ಚಿದಾನಂದ ಮುದ್ದೆ ಮುರಿಯುತ್ತಾ ಕೇಳಿದ, "ಅಪ್ಪಾಜಿ, ನಿನ್ನೆ ಪೇಟೇಲಿ ಬಸ್ಸಿನ ಹಿಂದೆ ಗೇಣು ಜಾಗ ಬಿಟ್ಟು ನಿಲ್ಸಿದ್ರಂತೆ?"

"ಯಾವನು ಹೇಳಿದ್ದು?"

"ಆಟೋ ಸ್ಟ್ಯಾಂಡಲ್ಲಿ ಎಲ್ರೂ ಹೇಳ್ತಾರೆ."

"ಆಟೋ ಸ್ಟ್ಯಾಂಡಲ್ಲಿ ನಿನ್ನ ವಿಷಯಾನೂ ಹೇಳ್ತಾರೆ. ಆನೆಕಾಡು ಹತ್ರ ಕಾರು ನಿಲ್ಸಿ ಸ್ಟೇರಿಂಗ್ ಮೇಲೆ ತಲೆ ಇಟ್ಟು ಮಲಗಿದ್ದೆಯಂತಲ್ಲ."

"ನಿಲ್ಸಿ ಮಲಗಿದ್ದೆ ಅಪ್ಪಾಜಿ. ನಿಲ್ಸಿ!"

"ನಿಲ್ಸೋ ಮುಂಚೆ ಎಷ್ಟು ದೂರ ಮಲಗಿಕೊಂಡೇ ಬಂದೆ? ಅದನ್ನ ಯಾರು ನೋಡಿದ್ರು?"

"ನಿಮ್ಗೆ ವಯಸ್ಸಾಯ್ತು ಅಂದ್ರೆ ನನ್ನ ನಿದ್ದೆ ಮಾತು ತೆಗೀತೀರಿ."

"ನನ್ನ ವಯಸ್ಸು ಗಾಡಿ ಓಡಿಸಲ್ಲ ಕಣೋ. ನಾನು ಓಡಿಸ್ತೀನಿ. ನಲವತ್ತಾರು ವರ್ಷದಲ್ಲಿ ಒಂದು ಕೋಳಿಗೂ ತಾಗಿಸಿಲ್ಲ."

"ಊಟದ ಹೊತ್ತಲ್ಲಿ ಇಬ್ರೂ ಗಾಡಿ ಓಡಿಸ್ಬೇಡಿ. ಸಾರು ಆರ್ತಿದೆ," ಎಂದಳು ಸೌಜನ್ಯ. ಒಂಬತ್ತನೇ ಕ್ಲಾಸಿನ ಚಂದನಾ ತಟ್ಟೆಯೊಳಗೇ ಕಿಸಕ್ಕನೆ ನಕ್ಕಳು. ತಾತನೂ ಅಪ್ಪನೂ ಒಟ್ಟಿಗೆ ಅವಳತ್ತ ಕಣ್ಣು ಬಿಟ್ಟರು. ಆಗ ಇಬ್ಬರ ಮುಖವೂ ಒಂದೇ ಅಚ್ಚಿನದು.

ಅದೇ ಸಂಜೆ ಮುದ್ದಿ ಬಂದಳು. ಪೈಸಾರಿಯ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ಜೀಪಿನ ಮುಂದಿನ ಸೀಟು ಅವಳದು. "ಆ ಮುದ್ದಿ ಬಾಯಿ ಮುಚ್ಚಲ್ಲ, ಕಿವಿ ತೂತು ಬೀಳುತ್ತೆ" ಎಂದು ಗಂಗಣ್ಣ ದಿನಾ ಹೇಳುತ್ತಿದ್ದ ಮುದ್ದಿ ಇವಳೇ. ಮೈ ಕೆಂಡವಾಗಿತ್ತು. ಕಂಬಳಿ ಹೊದ್ದು ನಡುಗುತ್ತಾ ಹಿತ್ತಲ ಬಾಗಿಲಲ್ಲೇ ಕೂತುಬಿಟ್ಟಳು.

"ಅಕ್ಕ, ನಾಳೆಯಿಂದ ಒಂದು ವಾರ ನಂಗೆ ಆಗಲ್ಲ. ನೀವು ಹೋಗಿ ಜೀಪಲ್ಲಿ."

"ನಾನಾ? ಕೊಯ್ಲಿಗಾ? ಹತ್ತು ವರ್ಷ ಆಯ್ತಲ್ಲೇ ನಾನು ಗಿಡ ಮುಟ್ಟಿ."

"ಕೊಯ್ದ್ರೂ ಸರಿ, ಬಿಟ್ರೂ ಸರಿ. ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ಸುಮ್ನೆ ಕೂರ್ಬೇಡಿ. ಮಾತಾಡ್ತಾ ಇರಿ."

"ಏನು ಮಾತಾಡ್ಲಿ?"

"ದಾರಿ ಮಾತು." ಮುದ್ದಿ ಅಷ್ಟೇ ಹೇಳಿ ಎದ್ದಳು.

ಜ್ವರದ ಬಡಬಡಿಕೆ ಅಂದುಕೊಂಡರೂ ಶಕುಂತಲಮ್ಮ ಮರುದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟಳು. ಗಂಗಣ್ಣನಿಗೆ ಖುಷಿಯೇ ಆಯಿತು. "ಇವತ್ತು ಕಿವಿಗೆ ರಜೆ" ಎಂದ. ಹಿಂದೆ ಹದಿಮೂರು ಹೆಂಗಸರು ಬುತ್ತಿ, ಗೋಣಿಚೀಲ ಮಡಿಲಲ್ಲಿಟ್ಟು ಕೂತರು. ಮುಂದೆ ಇವಳು. ಹದಿನಾಲ್ಕಾಯಿತು. ಹದಿನೈದನೆಯವಳನ್ನು ಗಂಗಣ್ಣ ಎಂದೂ ಹತ್ತಿಸಿದವನಲ್ಲ.

ಮಂಜಿತ್ತು. ಪೇಟೆ ದಾಟಿ ಮೊದಲ ಇಳಿಜಾರು ಬಂದಾಗ ಜೀಪಿನಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಶಕುಂತಲಮ್ಮ ಹೊರಗೆ ನೋಡುತ್ತಿದ್ದಳು. ಹಿಂದಿನಿಂದ ಯಾರೋ ಅವಳ ಭುಜ ತಿವಿದರು. ಮದುವೆಯಾಗಿ ಮೂರು ವರ್ಷದ ದೊಡ್ಡಿ. ಯಾವತ್ತೂ ನಾಲ್ಕು ಮಾತಾಡದವಳು.

"ಅಕ್ಕಾ. ಮಾತಾಡಿ."

"ಏನೇ?"

"ಸೇತುವೆ ಬಂತು ಅನ್ನಿ."

ಸೇತುವೆ ನಿಜಕ್ಕೂ ಬಂದಿತ್ತು. ಕಿರಿದಾದ ಸೇತುವೆ, ಆ ಕಡೆಯಿಂದ ಹಾಲಿನ ವ್ಯಾನು. "ರೀ, ಸೇತುವೆ!" ಎಂದಳು ಶಕುಂತಲಮ್ಮ. ಗಂಗಣ್ಣನ ಕಣ್ಣು ವ್ಯಾನಿನ ಮೇಲೇ ಇತ್ತು. ಅವನು ಅದನ್ನು ನೋಡಿರಲಿಲ್ಲ ಎನ್ನುವ ಹಾಗಿರಲಿಲ್ಲ. ಆದರೂ ಇವಳ ಮಾತು ಕಿವಿಗೆ ಬಿದ್ದ ಮೇಲೆ ಕಾಲು ಬ್ರೇಕಿಗೆ ಹೋಯಿತು. ಕಣ್ಣಿಗೂ ಕಾಲಿಗೂ ನಡುವೆ ಒಂದು ಖಾಲಿ ಜಾಗ ಇತ್ತು.

ಆಮೇಲೆ ಅವಳು ಬಾಯಿ ಮುಚ್ಚಲಿಲ್ಲ. "ತಿರುವಲ್ಲಿ ಹಲಸಿನ ಮರ ಇನ್ನೂ ಇದೆಯಲ್ಲ," "ಅಗೋ ಶಾಲೆ ಮಕ್ಕಳು," "ಈ ಹಂಪು ಯಾವಾಗ ಹಾಕಿದ್ರು?" ಒಂದೊಂದು ಮಾತಿಗೂ ಹಿಂದಿನ ಹೆಂಗಸರು ಉಸಿರು ಬಿಡುವುದು ಕೇಳುತ್ತಿತ್ತು. ಸಂಜೆ ಇನ್ನೂ ಕಷ್ಟವಾಯಿತು. ಗಂಗಣ್ಣ ಬೆಳಿಗ್ಗೆ ಐದಕ್ಕೆ ಎದ್ದವನು, ಹಗಲಿಡೀ ಹಣ್ಣಿನ ಮೂಟೆ ಕಣಕ್ಕೆ ಸಾಗಿಸಿದವನು, ಊಟವಾದ ಮೇಲೆ ಬೆನ್ನು ನೆಲಕ್ಕೆ ಕೊಟ್ಟವನಲ್ಲ. ವಾಪಸು ಬರುವಾಗ ಒಂದೇ ಮಾತನ್ನು ಅವಳು ಎರಡೆರಡು ಸಲ ಹೇಳಬೇಕಾಯಿತು. ಮನೆ ಮುಟ್ಟಿದಾಗ ಅವಳ ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಗಂಗಣ್ಣ ಕೀಲಿಯನ್ನು ಮೊಳೆಗೆ ತಗುಲಿಸುತ್ತಾ, "ನೀನೂ ಮುದ್ದಿಯ ತಂಗಿಯೇ ಆಗಿಬಿಟ್ಟೆ ಬಿಡು" ಎಂದು ನಕ್ಕ.

ಶಕುಂತಲಮ್ಮ ಗಂಜಿ ತೆಗೆದುಕೊಂಡು ಮುದ್ದಿಯ ಮನೆಗೆ ಹೋದಳು.

"ಎಷ್ಟು ದಿನದಿಂದ ಹೀಗೆ?"

"ಹೋದ ವರ್ಷದ ಕೊಯ್ಲಿಂದ." ಮುದ್ದಿ ಗಂಜಿ ಕುಡಿಯುತ್ತಾ ಗೋಡೆ ನೋಡಿದಳು. "ಮೊದ್ಲು ಸಂಜೆ ಮಾತ್ರ ಇತ್ತು. ಈಗ ಬೆಳಿಗ್ಗೇನೂ."

"ನಂಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ಅಣ್ಣ ಜೀಪು ಓಡ್ಸೋದು ಬಿಡ್ತಾರೆ. ಆಮೇಲೆ ಯಾರು ಬರ್ತಾರೆ? ಆ ಪಿಕಪ್ಪಿನವನು. ಇಪ್ಪತ್ತೈದು ಜನಾನ ನಿಲ್ಸಿಕೊಂಡು, ಒಂದು ಕೈಲಿ ಫೋನ್ ಹಿಡ್ಕೊಂಡು ಹೋಗ್ತಾನೆ. ಬಸುರಿ ಹೆಂಗಸು ಹತ್ತೋಕೆ ತಡ ಮಾಡಿದ್ರೆ ಹಾರ್ನ್ ಹೊಡೀತಾನೆ. ಗಂಗಣ್ಣ ಯಾವತ್ತಾದ್ರೂ ನಮ್ಗೆ ಹಾರ್ನ್ ಹೊಡೆದಿದಾರಾ? ಅದ್ಕೇ ನಾನು ಮಾತಾಡ್ತೀನಿ. ಮಾತಿಗೇನು, ದುಡ್ಡಾ?"

ಮನೆಗೆ ಬಂದು ರೊಟ್ಟಿ ತಟ್ಟುತ್ತಲೇ ಶಕುಂತಲಮ್ಮ ಎಲ್ಲವನ್ನೂ ಗಂಡನಿಗೆ ಹೇಳಿದಳು. ಗಂಗಣ್ಣ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

"ಅಂದ್ರೆ ಜೀಪು ಓಡಿಸ್ತಿರೋದು ಮುದ್ದಿ. ನಾನಲ್ಲ."

"ಹಾಗಂದೆನಾ?"

"ಮತ್ತೆ ಹೇಗಂದೆ? ಅವಳ ಹರಟೇನ ನಾನು ಸಹಿಸ್ಕೊಂಡೆ ಅಂತ ನಂಗೇ ದಾರಿ ತೋರಿಸ್ತಾಳೆ ಅಂತಾಯ್ತು! ನಾಳೆಯಿಂದ ನೀನೂ ಬೇಡ. ಮುಂದೆ ದೊಡ್ಡಿ ಕೂರ್ಲಿ. ಅವಳ ಬಾಯಲ್ಲಿ ಮಾತೇ ಇಲ್ಲ. ನೋಡೇಬಿಡೋಣ."

"ರೀ, ಜೀಪಲ್ಲಿ ಹದಿಮೂರು ಜನ ಇರ್ತಾರೆ. ಪಂತ ಕಟ್ಟೋ ವಿಷಯಾನಾ ಇದು?"

"ಕಾಗದ ಬರಿ ಅಂದ್ರೆ ಹತ್ತೊಂಬತ್ತು ದಿನ ಕೂತೆ. ಇದಕ್ಕೆ ಮಾತ್ರ ಬಾಯಿ ಜೋರು."

ಎರಡು ದಿನ ಏನೂ ಆಗಲಿಲ್ಲ. ಎರಡೂ ಸಂಜೆ ಗಂಗಣ್ಣ ಗೆದ್ದವನ ಹಾಗೆ ಒಳಗೆ ಬಂದ. ಮೂರನೆಯ ಸಂಜೆ ಆರಾದರೂ ಜೀಪು ಬರಲಿಲ್ಲ. ತಾನು ಬಟ್ಟೆ ಹೊಲಿಯುವ ಟೈಲರ್ ಅಂಗಡಿಯಿಂದ ಓಡಿಬಂದ ಸೌಜನ್ಯ ಹೊಸಿಲ ಹೊರಗಿಂದಲೇ ಕೂಗಿದಳು. "ಅತ್ತೆ, ಗಾಬರಿ ಆಗ್ಬೇಡಿ. ಮಾವನಿಗೆ ಏನಾಗಿಲ್ಲ. ಜೀಪು ಬರೆಗೆ ಹೋಗಿ ಗುದ್ದಿದೆಯಂತೆ. ದೊಡ್ಡಿಗೆ ಏಟಾಗಿದೆ."

ಆಸ್ಪತ್ರೆಯ ಬೆಂಚಿನ ಮೇಲೆ ದೊಡ್ಡಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. ಮಣಿಕಟ್ಟು ಊದಿ ವಾಲಿತ್ತು. ತಿರುವಿನಲ್ಲಿ ಜೀಪು ತಿರುಗದೆ ನೇರವಾಗಿ ರಸ್ತೆ ಪಕ್ಕದಲ್ಲಿ ಗುಡ್ಡ ಕಡಿದ ಮಣ್ಣಿನ ಬರೆಗೆ ಹೋಗಿತ್ತು. ಬರೆ ಈ ಬದಿಗಿತ್ತು. ಆ ಬದಿಗೆ ಅರವತ್ತು ಅಡಿ ಇಳಿಜಾರು. ಗುದ್ದುವಾಗ ದೊಡ್ಡಿ ಕೈ ಊರಿದ್ದಳು.

"ಎತ್ತು ಅಡ್ಡ ಬಂತು ಅಕ್ಕ," ಎಂದಳು ಒಬ್ಬಳು.

"ಹೌದು. ಕಪ್ಪು ಎತ್ತು. ಅಡ್ಡ ಬಂತು," ಎಂದಳು ಇನ್ನೊಬ್ಬಳು.

ದೊಡ್ಡಿಯೂ ಹಲ್ಲು ಕಚ್ಚಿಕೊಂಡು ಅದನ್ನೇ ಹೇಳಿದಳು. ಎಲ್ಲರ ಬಾಯಲ್ಲೂ ಅದೇ ಕಪ್ಪು ಎತ್ತು. ತೋಟದ ಲೆಕ್ಕ ಬರೆಯುವ ರೈಟರ್ ತೀರ್ಥಪ್ರಸಾದ್ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡ. "ಎತ್ತು ಅಂದ್ಮೇಲೆ ಯಾರನ್ನ ಕೇಳೋದು ಅಕ್ಕ? ತೋಟದವ್ರೂ ಹೊಣೆ ಅಲ್ಲ, ಜೀಪಿನವ್ರೂ ಅಲ್ಲ," ಎಂದ. ಶಕುಂತಲಮ್ಮ ಗಂಡನ ಕಡೆ ನೋಡಿದಳು. ಅವನು ಗೋಡೆಯ ಮೇಲಿನ ಲಸಿಕೆಯ ಚಿತ್ರವನ್ನು ಓದುತ್ತಿದ್ದ.

"ಬ್ರೇಕ್ ಸರಿ ಇಲ್ಲ," ಎಂದ ಗಂಗಣ್ಣ ಮನೆಗೆ ಬಂದ ಮೇಲೆ. "ಅದೇ ಆಗಿರೋದು."

"ಎತ್ತು ಅಂದ್ರಲ್ಲ?"

"ಎತ್ತೂ ಬಂತು. ಬ್ರೇಕೂ ಹಿಡೀಲಿಲ್ಲ."

ಮರುದಿನ ಜೀಪು ಶಶಿಕುಮಾರನ ಗ್ಯಾರೇಜಿಗೆ ಹೋಯಿತು. ಶಕುಂತಲಮ್ಮ ಎಣ್ಣೆ ಅಂಗಡಿಗೆ ಹೋಗುವ ನೆಪದಲ್ಲಿ ಜೊತೆಗೆ ಹೋದಳು. ಶಶಿಕುಮಾರ್ ಜೀಪಿನ ಅಡಿಯಿಂದ ಹೊರಗೆ ಬಂದು, ಹಳೇ ಬನಿಯನ್ನಿಗೆ ಕೈ ಒರೆಸಿದ.

"ಬ್ರೇಕ್ ಪಕ್ಕಾ ಇದೆ ಗಂಗಣ್ಣ."

"ಇನ್ನೊಂದ್ಸಲ ನೋಡು."

"ಎರಡ್ಸಲ ನೋಡ್ದೆ."

"ಆಯಿಲ್ ಲೀಕ್ ಇರ್ಬೋದು."

"ಇಲ್ಲ."

"ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತೆ ನೋಡು, ಮೊದ್ಲಿನ ಹಾಗಿಲ್ಲ..."

ಶಶಿಕುಮಾರ್ ಸ್ಪ್ಯಾನರ್ ಕೆಳಗಿಟ್ಟ. "ಅಣ್ಣ, ನೀವು ಹೇಳಿದ್ರೆ ಬ್ರೇಕ್ ಕೆಟ್ಟಿತ್ತು ಅಂತ ಬಿಲ್ಲಲ್ಲಿ ಬರ್ದುಕೊಡ್ತೀನಿ. ಆದ್ರೆ ರಿಪೇರಿ ಮಾಡೋಕೆ ಅಲ್ಲೇನೂ ಇಲ್ಲ."

ಗಂಗಣ್ಣ ಬಿಲ್ಲು ಬರೆಸಲಿಲ್ಲ.

ಮುಂದಿನ ಎರಡು ವಾರ ಮನೆ ಒಂದು ಹದಕ್ಕೆ ಬರಲಿಲ್ಲ. ಬಂಪರ್ ಸರಿಯಾಗಿ ಜೀಪು ಮತ್ತೆ ಹೊರಟಿತು. ಶಕುಂತಲಮ್ಮ ಹೇಳದೆ ಕೇಳದೆ ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಗಂಗಣ್ಣ ಇಳಿ ಅನ್ನಲಿಲ್ಲ, ಕೂರು ಅನ್ನಲೂ ಇಲ್ಲ. ಬೆಳಿಗ್ಗೆಯ ತಿಂಡಿ, ನೀರು, ಹಟ್ಟಿಯ ಕೆಲಸ ಎಲ್ಲ ಸೌಜನ್ಯಳ ತಲೆಗೆ ಬಿತ್ತು. ಬ್ಲೌಸು ಹೊಲಿಯಲು ಕೊಟ್ಟವರು ಬಾಗಿಲಿಗೆ ಬರತೊಡಗಿದರು.

"ಅತ್ತೆ, ಎಷ್ಟು ದಿನ ಅಂತ ಹೀಗೆ ಕೂಗಿಕೊಂಡು ಹೋಗ್ತೀರಿ? ನಿಮ್ಗೂ ಅರವತ್ಮೂರು. ನಾಳೆ ನೀವು ತೂಕಡಿಸಿದ್ರೆ ನಿಮ್ಮನ್ನ ಎಬ್ಸೋಕೆ ಇನ್ನೊಬ್ರನ್ನ ಕೂರಿಸ್ಬೇಕಾ?"

ಕಳೆದ ಗುರುವಾರ ಸಂಜೆ ಅವಳು ತೂಕಡಿಸಿದ್ದೂ ನಿಜವೇ.

ಬಾಳೆಲೆಯಿಂದ ಎರಡನೆಯ ಕಾಗದ ಬಂತು. 'ಹೋದ ಕಾಗದಕ್ಕೆ ಉತ್ತರವಿಲ್ಲ. ಆರೋಗ್ಯವೇ?' ಎಂದು ಎರಡೇ ಸಾಲು. ಗಂಗಣ್ಣ ಅದನ್ನು ಓದಿ ಹೆಂಡತಿಯ ಮುಂದಿಟ್ಟ. ಈ ಸಲ ಬರೆದೆಯಾ ಎಂದು ಕೇಳಲಿಲ್ಲ. ಅವಳಿಗೆ ಅದೇ ಹೆದರಿಕೆಯಾಯಿತು.

ಮರುದಿನ ಸಂತೆ. ಚಂದನಾ ಒಂದಡಿಯ ಸ್ಕೇಲು ಹಿಡಿದು ಜಗಲಿಗೆ ಬಂದಳು.

"ತಾತ, ನಾನು ಸ್ಕೇಲ್ ಬಿಡ್ತೀನಿ. ನೀವು ಎರಡು ಬೆರಳಲ್ಲಿ ಹಿಡೀಬೇಕು. ಸೈನ್ಸ್ ಮಿಸ್ ಎಲ್ರ ಮನೇಲೂ ಮಾಡಿ ಬರ್ಕೊಂಡು ಬನ್ನಿ ಅಂದಿದಾರೆ. ಎಷ್ಟು ಬೇಗ ಹಿಡಿದ್ರೆ ಅಷ್ಟು ಚುರುಕು."

"ಇದೇನು ಮಹಾ!" ಗಂಗಣ್ಣ ತೋಳೇರಿಸಿದ. ಸ್ಕೇಲು ಜಾರಿತು, ಅವನು ಹಿಡಿದ. ಇಪ್ಪತ್ತೆರಡು ಸೆಂಟಿಮೀಟರ್ ಜಾರಿತ್ತು. ಚಂದನಾಳದು ಹದಿನಾಲ್ಕು, ಸೌಜನ್ಯಳದು ಹದಿನೇಳು, ಶಕುಂತಲಮ್ಮನದು ಇಪ್ಪತ್ತು. "ನೋಡ್ರೇ, ನಿಮ್ಮಜ್ಜಿಗಿಂತ ಎರಡೇ ಎರಡು ಹಿಂದೆ," ಎಂದು ಗಂಗಣ್ಣ ಮೀಸೆ ತಿರುವಿದ. ಎಷ್ಟೋ ದಿನದ ಮೇಲೆ ಮನೆಯಲ್ಲಿ ನಗು ಕೇಳಿತು.

"ಇದನ್ನ ಸುಸ್ತಾದಾಗ್ಲೂ ಮಾಡ್ಬೇಕಂತೆ ತಾತ. ನಾಳೆ ಸಂಜೆ ಇನ್ನೊಂದ್ಸಲ."

ಸೋಮವಾರ ಸಂಜೆ ಆರೂವರೆಗೆ ಗಂಗಣ್ಣ ಜೀಪಿನಿಂದ ಇಳಿದು ಕೈಕಾಲು ತೊಳೆದು ಕೂತ. ಚಂದನಾ ಸ್ಕೇಲು ಬಿಟ್ಟಳು. ಅದು ಅವನ ಬೆರಳ ನಡುವಿನಿಂದ ಸೀದಾ ನೆಲಕ್ಕೆ ಹೋಯಿತು.

"ಸರಿಯಾಗಿ ಬಿಡು."

ಎರಡನೆಯ ಸಲವೂ ನೆಲಕ್ಕೆ. ಮೂರನೆಯ ಸಲ ಬೆರಳು ಕೂಡಿದಾಗ ಅಲ್ಲಿ ಬರೀ ಗಾಳಿ.

ಅಷ್ಟರಲ್ಲಿ ಚಿದಾನಂದ ಕಾರು ನಿಲ್ಲಿಸಿ ಒಳಗೆ ಬಂದ. ಮಂಗಳೂರಿಂದ ಬಂದು, ಕಣ್ಣೂರಿಗೆ ಹೋಗಿ, ಮತ್ತೆ ಬಂದಿದ್ದ. ಎರಡು ದಿನದಲ್ಲಿ ನಾಲ್ಕು ಗಂಟೆ ನಿದ್ದೆ. "ಏನಾಟ ಇದು? ಇಲ್ಲಿ ಕೊಡು" ಎಂದು ನಿಂತಲ್ಲೇ ಕೈ ಚಾಚಿದ. ಸ್ಕೇಲು ಅವನ ಬೆರಳಿನಿಂದಲೂ ಜಾರಿ ಚಪ್ಪಲಿಯ ಮೇಲೆ ಬಿತ್ತು. ಮತ್ತೊಂದು ಸಲವೂ ಹಾಗೇ ಆಯಿತು.

"ಅಪ್ಪಂಗೂ ತಾತಂಗೂ ಏನೂ ಬರೆಯೋಕೇ ಆಗಲ್ವಲ್ಲ," ಎಂದಳು ಚಂದನಾ ಪುಸ್ತಕ ಹಿಡಿದು. "ಸ್ಕೇಲಲ್ಲಿ ಅಷ್ಟು ನಂಬರೇ ಇಲ್ಲ."

ಗಂಗಣ್ಣ ಮಗನ ಮುಖ ನೋಡಿದ.

"ನೀನು ನಿಲ್ಸೋ. ನಲವತ್ತೊಂದಕ್ಕೇ ಹೀಗಾದ್ರೆ ಹೇಗೆ? ಆ ರಾತ್ರಿ ಟ್ರಿಪ್ಪು ಬಿಟ್ಬಿಡು."

"ನೀವು ಜೀಪು ಬಿಡಿ, ನಾನು ಬಿಡ್ತೀನಿ."

"ಮೊದ್ಲು ನೀನು."

"ಅಪ್ಪಾಜಿ, ನಂದು ಮಲಗಿದ್ರೆ ಸರಿಹೋಗುತ್ತೆ. ನಿಮ್ದು?"

ಶಕುಂತಲಮ್ಮ ಬೇಗಬೇಗ ತಟ್ಟೆಗೆ ಸಾರು ಹಾಕಿ ಮಗನ ಮುಂದಿಟ್ಟಳು. ಹೇಳಿದ ಮೇಲೆ ಚಿದಾನಂದನಿಗೂ ಹೇಳಬಾರದಿತ್ತು ಅನ್ನಿಸಿರಬೇಕು, ತಟ್ಟೆ ಎಳೆದುಕೊಂಡು ಗಬಗಬ ಉಣ್ಣತೊಡಗಿದ. ನಾಲ್ಕು ತುತ್ತಿಗೆ ಅವನ ತಲೆ ಎದೆಗೆ ವಾಲಿತು. ಕೈ ಸಾರಿನಲ್ಲೇ ಇತ್ತು. ಸೌಜನ್ಯ ಎಬ್ಬಿಸಲು ಬಗ್ಗಿದಾಗ ಗಂಗಣ್ಣ ಬೇಡವೆಂದು ಸನ್ನೆ ಮಾಡಿ, ತಾನೇ ಮಗನ ಕೈಯನ್ನು ತಟ್ಟೆಯಿಂದ ಎತ್ತಿ ಪಂಚೆಯ ಅಂಚಿನಿಂದ ಒರೆಸಿದ.

ಎರಡು ದಿನ ಬಿಟ್ಟು, ರಾತ್ರಿ ಮಳೆ ಬಂದು ಕೊಯ್ಲಿಗೆ ರಜೆಯಾದ ದಿನ ಮುದ್ದಿ ಬಂದಳು. ಜ್ವರ ಬಿಟ್ಟಿತ್ತು, ಕೀಲುನೋವು ಬಿಟ್ಟಿರಲಿಲ್ಲ. ಜೊತೆಗೆ ದೊಡ್ಡಿ, ಕೈಗೆ ಬಿಳಿ ಪ್ಲಾಸ್ಟರ್ ಕಟ್ಟು. ಇಬ್ಬರಿಗೂ ಜಗಲಿಯಲ್ಲಿ ಕಾಫಿ ಕೊಟ್ಟದ್ದಾಯಿತು.

"ಅಕ್ಕ, ನಾಳೆಯಿಂದ ನಾನೇ ಮುಂದೆ ಕೂರ್ತೀನಿ. ಏನೂ ಬದಲಾಗೋದು ಬೇಡ," ಎಂದಳು ಮುದ್ದಿ.

ಗಂಗಣ್ಣ ದೊಡ್ಡಿಯ ಕಡೆ ತಿರುಗಿದ. "ಎಷ್ಟು ದಿನ ಅಂದ್ರಮ್ಮ ಡಾಕ್ಟ್ರು?"

"ಆರು ವಾರ."

"ಕೊಯ್ಲು ಮುಗಿದೇ ಹೋಗುತ್ತಲ್ಲ."

"ಹೂಂ." ದೊಡ್ಡಿ ಎಡಗೈಯಲ್ಲಿ ಲೋಟ ಹಿಡಿಯಲು ಒದ್ದಾಡುತ್ತಿದ್ದಳು. ಕಾಫಿ ಸೀರೆಗೆ ತುಳುಕಿತು. "ಪರ್ವಾಗಿಲ್ಲ ಅಣ್ಣ. ಎತ್ತು ಅಡ್ಡ ಬಂದ್ರೆ ನೀವೇನು ಮಾಡ್ತೀರಿ?"

ಅವನಿಗಾಗಿ ಕಟ್ಟಿದ ಸುಳ್ಳನ್ನು ಅವಳು ಅವನಿಗೇ ಸಮಾಧಾನವೆಂದು ಹೇಳುತ್ತಿದ್ದಳು. ಗಂಗಣ್ಣ ಎದ್ದು ಅಂಗಳಕ್ಕೆ ಹೋದ. ಜೀಪಿನ ಸುತ್ತ ಒಂದು ಸುತ್ತು ಬಂದ, ಚಕ್ರವನ್ನು ಕಾಲಿನಿಂದ ಒದ್ದು ನೋಡಿದ, ಸುಮ್ಮನೆ ಬಾನೆಟ್ ಎತ್ತಿ ಇಳಿಸಿದ. ಒಳಗೆ ಬಂದು ಕೂತ, ಮತ್ತೆ ಎದ್ದ. ಆ ಹೆಂಗಸರು ಹೋಗುವವರೆಗೂ ಅವನು ಒಂದು ಕಡೆ ನಿಲ್ಲಲಿಲ್ಲ.

ಆಮೇಲೆ, "ಪೆನ್ನು ತಗೋ," ಎಂದ.

ಶಕುಂತಲಮ್ಮ ಕೈ ಒದ್ದೆ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು ಕೂತಳು.

"ನಮಸ್ಕಾರ ಬರಿ. ಆರೋಗ್ಯ ಬರಿ. ಆಮೇಲೆ, ರೋಬಸ್ಟಾ ಕೊಯ್ಲಿಗೆ ನಾನು ಜೀಪು ಓಡಿಸುವುದಿಲ್ಲ. ಅರೇಬಿಕಾದ ಉಳಿದ ದಿನಕ್ಕೂ ಬೇರೆಯವರನ್ನು ನೋಡಿಕೊಳ್ಳಿ."

ಅವಳು ಬರೆದಳು. ಪೆನ್ನು ಹಾಳೆಯ ಮೇಲೆ ಉಜ್ಜುವ ಸದ್ದು ಅವನಿಗೂ ಕೇಳುತ್ತಿತ್ತು.

"ಯಾರನ್ನ ಕರೆದರೂ ಹದಿನಾಲ್ಕು ಜನರ ಮೇಲೆ ಹತ್ತಿಸಕೂಡದು. ಫೋನು ಹಿಡಿದು ಓಡಿಸುವವನು ಆಗಕೂಡದು. ಇದನ್ನ ಅಡಿಗೆರೆ ಹಾಕಿ ಬರಿ."

"ಹಾಕ್ದೆ. ಇನ್ನು ಸಹಿ ಹಾಕಿ."

"ತಡಿ. ಮುಗಿದಿಲ್ಲ." ಗಂಗಣ್ಣ ಗಂಟಲು ಸರಿಮಾಡಿಕೊಂಡ. "ದೊಡ್ಡಿಗೆ ಪೆಟ್ಟಾದ ದಿನ ಎತ್ತು ಅಡ್ಡ ಬಂದಿಲ್ಲ. ಬ್ರೇಕೂ ಸರಿ ಇತ್ತು. ತಿರುವು ನನಗೆ ಕಾಣುತ್ತಿತ್ತು. ನನ್ನ ಕಾಲು ತಡವಾಯಿತು."

ಶಕುಂತಲಮ್ಮ ಪೆನ್ನು ಎತ್ತಿದಳು. "ರೀ, ಇದನ್ನ ಬರೆದ್ರೆ ಕೇಸಾಗುತ್ತೆ. ಲೈಸೆನ್ಸ್ ಹೋಗುತ್ತೆ."

"ಇನ್ನು ಅದನ್ನ ಇಟ್ಕೊಂಡು ಏನ್ಮಾಡ್ಲಿ, ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕ್ಲಾ? ಎತ್ತು ಅಂತ ಇದ್ರೆ ಆ ಹುಡುಗಿ ಕೈಗೆ ಯಾರೂ ಹೊಣೆ ಅಲ್ಲ. ಬರಿ."

"ಜನ ಏನಂತಾರೆ?"

"ಅವ್ರು ಈಗ್ಲೂ ಅಂತಾನೇ ಇದ್ದಾರೆ. ನಂಗೆ ಕೇಳಿಸಬಾರದು ಅಂತ ಮೆಲ್ಲಗೆ ಅಂತಾರೆ, ಅಷ್ಟೆ."

ಅವಳು ಬರೆದಳು. 'ತಡವಾಯಿತು' ಎಂಬಲ್ಲಿ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅವನು ಓದಿಸಿ ಕೇಳಿ, ಕೆಳಗೆ ದೊಡ್ಡದಾಗಿ ಸಹಿ ಹಾಕಿದ.

ಒಳಕೋಣೆಯಲ್ಲಿ ಚಿದಾನಂದ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಫೋನು ಬಡಿದುಕೊಂಡಿತು. ಒಂದು ಸಲ ನಿಂತು ಮತ್ತೆ ಬಡಿದುಕೊಂಡಿತು.

"ಇಲ್ಲ ಸರ್. ಇವತ್ತು ರಾತ್ರಿ ಆಗಲ್ಲ. ಬೇರೆ ಯಾರನ್ನಾದ್ರೂ ನೋಡಿ." ಹೊರಗೆ ಬಂದು ಅಪ್ಪನ ಮುಖ ನೋಡದೆ ಹೇಳಿದ, "ಇವತ್ತೊಂದಿನ ಅಷ್ಟೆ. ಖುಷಿ ಪಡ್ಬೇಡಿ."

"ನಾನೆಲ್ಲಿ ಖುಷಿ ಪಟ್ಟೆ? ಹೋಗಿ ಮಲಕ್ಕೋ."

"ಪೋಸ್ಟಾಫೀಸಿಗೆ ಬಿಟ್ಟುಬರ್ಲಾ?"

"ನಿನ್ನ ಕಾರಲ್ಲಾ? ಈ ಕಣ್ಣಲ್ಲಾ? ನಡ್ಕೊಂಡು ಹೋಗ್ತೀವಿ."

ಮೂರೂವರೆಯ ಬಿಸಿಲು. ಪೇಟೆಯ ಏರು ಹತ್ತುವಾಗ ಗಂಗಣ್ಣನಿಗೆ ಮೇಲುಸಿರು ಬಂತು. ಆಟೋ ಸ್ಟ್ಯಾಂಡಿನವರು ಬಾಯಿ ಬಿಟ್ಟುಕೊಂಡು ನೋಡಿದರು. "ಜೀಪೆಲ್ಲಿ ಗಂಗಣ್ಣ?" ಎಂದು ಒಬ್ಬ ಕೂಗಿದ. "ಮನೇಲಿದೆ" ಎಂದು ಇವನೂ ಅಷ್ಟೇ ಗಟ್ಟಿಯಾಗಿ ಕೂಗಿದ. ಲಕೋಟೆ ಹೆಂಡತಿಯ ಕೈಯಲ್ಲಿತ್ತು. ಅವಳು ಅದನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದಿದ್ದಳು.

ಪೋಸ್ಟಾಫೀಸಿನಲ್ಲಿ ಇವರ ಮುಂದೆ ಇಬ್ಬರಿದ್ದರು. ಸರದಿ ಬರುವಷ್ಟರಲ್ಲಿ ಗಂಗಣ್ಣ ಮೂರು ಸಲ ಹೊರಗೆ ಹೋಗಿ ಬಂದ. ಕೊನೆಗೆ ಶಕುಂತಲಮ್ಮನ ಕೈಯಿಂದ ಲಕೋಟೆ ಇಸಿದುಕೊಂಡು ತಾನೇ ಕೌಂಟರಿನೊಳಗೆ ತಳ್ಳಿದ.

"ಬಾಳೆಲೆಗಾ? ಮಾಮೂಲಿ ಸ್ಟಾಂಪು ಹಚ್ಚಿ ಡಬ್ಬಿಗೆ ಹಾಕಿದ್ರೂ ಹೋಗುತ್ತಲ್ಲ ಅಣ್ಣ, ಎರಡು ಮೂರು ದಿನ," ಎಂದಳು ಒಳಗಿದ್ದ ಹುಡುಗಿ.

"ಸ್ಪೀಡ್ ಪೋಸ್ಟಲ್ಲೇ ಹಾಕಮ್ಮ," ಎಂದ ಗಂಗಣ್ಣ. "ಎರಡು ಮೂರು ದಿನ ಅಂದ್ರೆ ಅಷ್ಟರೊಳಗೆ ನಾನೇ ಬಸ್ಸು ಹತ್ತಿ ಹೋಗಿ ವಾಪಸ್ ಇಸ್ಕೊಂಡು ಬಂದುಬಿಡ್ತೀನಿ."

ಹುಡುಗಿ ನಕ್ಕು ಲಕೋಟೆಯನ್ನು ತೂಕಕ್ಕಿಟ್ಟಳು. ಚೀಟಿ ಅಂಟಿಸಿ, ಠಪ್ಪೆಂದು ಮುದ್ರೆ ಒತ್ತಿ, ಪಕ್ಕದ ಚೀಲಕ್ಕೆ ಹಾಕಿದಳು.